ಮರೆಗುಳಿಯ ಸಾಕ್ಷಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದ ಮಾತನ್ನು ಉಪ್ಪು ಖಾರ ಹಚ್ಚದೆ ಹಾಗೆಯೇ ಒಪ್ಪಿಸುವ ಹೆಂಗಸು. ಯಾವ ಹೋಟೆಲಿನ ಬೆಡ್‌ಶೀಟಿಗೆ ಯಾವ ಬಣ್ಣದ ಅಂಚು, ಯಾವ ಆಸ್ಪತ್ರೆಯ ದಿಂಬಿನ ಕವರಿಗೆ ಯಾವ ಗುರುತು, ಯಾರು ರಜೆ ಕೇಳಿ ಯಾರಿಂದ ಬೈಸಿಕೊಂಡರು, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ ಇರುತ್ತಿತ್ತು. ಬಸುರಿಯಾಗಿ ನಾಲ್ಕೈದು ತಿಂಗಳಾಗುವಷ್ಟರಲ್ಲಿ ಆ ಹೆಸರೂ ಹೋಯಿತು.

"ಗಿಳಿ ಹಾರಿಹೋಯ್ತು ಕಣ್ರೇ. ಪಂಜರದಲ್ಲಿ ಈಗ ಇರೋದು ಮರೆಗುಳಿ" ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಸಾರಿದವಳು ಅವಳ ನಾದಿನಿ, ಗಂಡನ ಅಕ್ಕ.

ಈ ನಾದಿನಿಯೇ ಒಂದು ಕಾಲದಲ್ಲಿ ಗಿಳಿಯನ್ನು ಮೆಚ್ಚಿ ತಮ್ಮನಿಗೆ ತಂದುಕೊಂಡವಳು. ಇಬ್ಬರೂ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿನ ಎದುರು ಅಕ್ಕಪಕ್ಕ ನಿಂತು, ಒದ್ದೆ ಬೆಡ್‌ಶೀಟಿನ ಒಂದೊಂದು ತುದಿ ಹಿಡಿದು ಕೆಲಸ ಮಾಡಿದವರು. ಮದುವೆಯಾದ ಮೇಲೆ ಸಂಬಂಧ ಎಣ್ಣೆ ಸೀಗೆಕಾಯಿಯಾಯಿತು. ಗಂಡನನ್ನು ಬಿಟ್ಟು ಬಂದು ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ನೆಲೆಸಿದ ನಾದಿನಿಗೆ, ತಾನೇ ತಂದ ಹುಡುಗಿ ತನ್ನೆದುರೇ ಮನೆಯ ಯಜಮಾನಿಯಾಗುವುದನ್ನು ನೋಡಲಾಗಲಿಲ್ಲ. ಗಿಳಿಗೂ ಮೂಗಿನ ತುದಿಯಲ್ಲೇ ಕೋಪ. ಇಬ್ಬರ ನಡುವೆ ಗಿಳಿಯ ಗಂಡ. ಅವನು ಅದೇ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ. ಮಾತಾಡಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಮರೆವು ಬಂದದ್ದು ಸುಳ್ಳಲ್ಲ. ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು, ಅದು ಸುಟ್ಟು ಕಮಟು ಹೊಡೆಯುವವರೆಗೂ ಗಿಳಿ ಪಕ್ಕದಲ್ಲೇ ನಿಂತಿದ್ದಳು. ಒಂದು ದಿನ ಚಹಾಕ್ಕೆ ಉಪ್ಪು ಹಾಕಿದಳು. ಬೀಗದಕೈ ತರಕಾರಿ ಬುಟ್ಟಿಯಲ್ಲಿ ಸಿಕ್ಕಿತು. ಕೋಣೆಗೆ ಹೋದವಳು ಯಾಕೆ ಬಂದೆ ಎಂದು ತಿಳಿಯದೆ ಗೋಡೆ ನೋಡಿ ವಾಪಸು ಬರುತ್ತಿದ್ದಳು. ಇದರ ಜೊತೆಗೆ ಅಳು. ಹರಿದ ಟವೆಲ್ಲೊಂದನ್ನು ಚಿಂದಿಗೆ ಎಸೆಯಬೇಕಾಗಿ ಬಂದಾಗ ಕಣ್ಣಲ್ಲಿ ನಲ್ಲಿ ಬಿಟ್ಟ ಹಾಗೆ ನೀರು. ಅದೇ ಸಂಜೆ ಗಂಡ ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟನೆಂದು ಕೂಗಾಡಿದ್ದು ಬೀದಿಗೆಲ್ಲ ಕೇಳಿತು. ಮನೆಯಲ್ಲಿ ನಡೆದ ಒಂದೊಂದು ಪ್ರಸಂಗವೂ ಗಿಳಿಗಿಂತ ಮೊದಲೇ ಲಾಂಡ್ರಿ ತಲುಪುತ್ತಿತ್ತು. ನಾದಿನಿ ಅದನ್ನು ಅಭಿನಯಿಸಿ ತೋರಿಸುತ್ತಿದ್ದಳು. ಉಪ್ಪಿನ ಚಹಾ ಕುಡಿದ ತಮ್ಮನ ಮುಖವನ್ನಂತೂ ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಡ್ರೈಯರು ನೋಡಿಕೊಳ್ಳುವ ಹಿರಿಯ ಹೆಂಗಸು ನಕ್ಕು ನಕ್ಕು ಪಕ್ಕೆ ಹಿಡಿದುಕೊಳ್ಳುತ್ತಿದ್ದಳು.

ಗಂಡನಿಗೆ ಎಲ್ಲಿಂದಲೋ 'ಹಾರ್ಮೋನು' ಎಂಬ ಪದ ಸಿಕ್ಕಿತ್ತು. ಗಿಳಿ ಏನೇ ಹೇಳಲಿ, "ಹಾರ್ಮೋನು ಕಣೇ, ಸುಮ್ನಿರು" ಎನ್ನುವನು. ನಲ್ಲಿ ಸೋರುತ್ತಿದೆ ಎಂದರೂ ಹಾರ್ಮೋನು.

ಆ ದಿನ ಬೆಳಗ್ಗೆ ಗಿಳಿ ಮಡಚುವ ಮೇಜಿನ ಬಳಿ ಇದ್ದಳು. ರೋಲರಿನ ಬಿಸಿ ಬಸುರಿಗೆ ಆಗದೆಂದು ಅವಳನ್ನು ಅಲ್ಲಿಗೆ ಹಾಕಿದ್ದರು. ಬೆಡ್‌ಶೀಟೊಂದು ಮಡಿಕೆ ಬಿದ್ದು ಒಳಗೆ ಹೋಗುತ್ತಿದ್ದದ್ದು ಕಂಡು, ಹಳೆಯ ಅಭ್ಯಾಸದಿಂದ ರೋಲರಿನ ಬಳಿ ಹೋಗಿ ಅದರ ಅಂಚು ಎಳೆದು ಸರಿಮಾಡಿದಳು. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಬೆರಳು ತಾಗಿದರೆ ಸಾಕು, ಮಶೀನು ತಟ್ಟನೆ ನಿಲ್ಲಬೇಕು. ಅವಳ ಕೈ ಪಟ್ಟಿಗೆ ತಾಗಿತು. ಮಶೀನು ನಿಲ್ಲಲಿಲ್ಲ. ಗಿಳಿ ಕೈ ಹಿಂದಕ್ಕೆಳೆದುಕೊಂಡು, ಬೇಕೆಂದೇ ಇನ್ನೊಮ್ಮೆ ಪಟ್ಟಿಯನ್ನು ಒತ್ತಿ ನೋಡಿದಳು. ರೋಲರು ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಸೂಪರ್‌ವೈಸರು ತನ್ನ ಗಾಜಿನ ಕೋಣೆಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ.

"ಸಾರ್, ರೋಲರಿನ ಪಟ್ಟಿ ಕೆಲಸ ಮಾಡ್ತಿಲ್ಲ. ಕೈ ತಾಗಿಸಿದ್ರೂ ನಿಲ್ತಾ ಇಲ್ಲ."

"ಬಟ್ಟೆ ತಾಗಿರುತ್ತೆ, ಕೈ ತಾಗಿರಲ್ಲ."

"ಕೈಯೇ ತಾಗಿದ್ದು. ಎರಡನೇ ಸಲ ಬೇಕು ಅಂತಾನೇ ಒತ್ತಿದೆ."

ಅವನು ಸಿಪ್ಪೆ ಊದಿ, ಅವಳ ಮುಖ ಬಿಟ್ಟು ಹೊಟ್ಟೆಯನ್ನು ನೋಡಿದ. "ಎಷ್ಟನೇ ತಿಂಗಳು?"

"ಅದ್ಯಾಕೆ ಸಾರ್?"

"ನನ್ನ ಹೆಂಡ್ತೀನೂ ಹೀಗೇ ಇದ್ಲು. ಇಲ್ಲದ ಸದ್ದು ಕೇಳ್ಸೋದು, ಇಲ್ಲದ ವಾಸನೆ ಬರೋದು. ಹೋಗು, ಒಂದು ಲೋಟ ನೀರು ಕುಡಿದು ಕೂತ್ಕೋ. ಮಶೀನು ನಿಲ್ಸಿದ್ರೆ ಹೋಟೆಲಿನವರಿಗೆ ನೀನು ಉತ್ತರ ಹೇಳ್ತೀಯಾ?"

ಗಿಳಿ ಬಚ್ಚಲುಮನೆಗೆ ಹೋಗಿ ಅತ್ತಳು. ಅಳು ಬಂದದ್ದಕ್ಕೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ಮತ್ತೂ ಅಳು ಬಂತು. ಕೈ ತೊಳೆಯಲು ಬಂದ ನಾದಿನಿ ಬಾಗಿಲಲ್ಲೇ ನಿಂತಳು.

"ಇವತ್ತು ಏನು ಹರೀತು? ಟವೆಲ್ಲಾ, ದಿಂಬಿನ ಕವರಾ?"

"ಅಕ್ಕ, ಆ ರೋಲರಿಗೆ ಇವತ್ತು ಕೈ ಹಾಕ್ಬೇಡ. ಪಟ್ಟಿ ಕೆಟ್ಟಿದೆ. ನಾನು ಹೇಳಿದ್ರೆ ಅವನು ನನ್ನ ಹೊಟ್ಟೆ ನೋಡ್ತಾನೆ."

"ನಿನ್ನೆ ಪಾತ್ರೆ ಸುಟ್ಟಿತ್ತು, ಇವತ್ತು ಮಶೀನು ಕೆಟ್ಟಿದೆ. ನಾಳೆ ಸೂರ್ಯ ಪಡುವಣದಲ್ಲಿ ಹುಟ್ತಾನೇನೋ" ಎಂದು ನಾದಿನಿ ಕೈ ಕೊಡವಿ ಹೊರಟುಹೋದಳು.

ಊಟ ಮುಗಿಸಿ ಎಲ್ಲರೂ ಕೆಲಸಕ್ಕೆ ಮರಳಿದ ಮೇಲೆ ಅದು ಆಯಿತು. ಬೆಡ್‌ಶೀಟಿನ ಮೂಲೆ ಮುದುರಿಕೊಂಡು ರೋಲರಿನ ಒಳಗೆ ಹೋಗುತ್ತಿತ್ತು. ನಾದಿನಿ ಅದನ್ನು ಬಿಡಿಸಲು ಬಲಗೈ ಚಾಚಿದಳು. ಬೆರಳು ಪಟ್ಟಿಗೆ ತಾಗಿತು, ಪಟ್ಟಿಯನ್ನು ದಾಟಿತು, ಬಟ್ಟೆಯ ಜೊತೆಗೇ ಒಳಗೆ ಹೋಯಿತು. ಅವಳ ಕೂಗು ಕೇಳಿ ಡ್ರೈಯರಿನ ಹೆಂಗಸು ಓಡಿಹೋಗಿ ಗೋಡೆಯ ದೊಡ್ಡ ಸ್ವಿಚ್ಚನ್ನು ಎಳೆದಳು. ಗಿಳಿ ನಾದಿನಿಯನ್ನು ಹಿಂದಿನಿಂದ ತಬ್ಬಿ ಹಿಡಿದುಕೊಂಡಿದ್ದಳು. ಮಶೀನು ಬಿಚ್ಚುವವರೆಗೂ ಹಾಗೆಯೇ ಹಿಡಿದಿದ್ದಳು. ಎರಡು ಬೆರಳು ಹೋದವು. ಉಳಿದ ಅಂಗೈ ಬೆಂದಿತ್ತು.

ಗಾಯ ಒಣಗುವ ಮೊದಲೇ ಲಾಂಡ್ರಿಯವರ ಮಾತು ಮನೆಗೆ ಬಂತು: ಮಶೀನು ಸರಿಯಾಗಿಯೇ ಇತ್ತು, ಕೆಲಸದವಳ ಅಜಾಗರೂಕತೆ, ಪರಿಹಾರದ ಪ್ರಶ್ನೆಯೇ ಇಲ್ಲ. ನಾದಿನಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ವಿಚಾರಣೆಗೆ ಅಧಿಕಾರಿ ಬರುತ್ತಾರೆ ಎಂದಾಯಿತು. ಮಶೀನನ್ನು ಅವತ್ತೇ ಬಿಚ್ಚಿ ಹಾಕಿದ್ದರಿಂದ ಪಟ್ಟಿಯನ್ನು ಈಗ ಒತ್ತಿ ನೋಡುವಂತಿರಲಿಲ್ಲ. ಅದು ಕೆಟ್ಟದ್ದನ್ನು ಮೊದಲೇ ಕಂಡು ಹೇಳಿದವಳು ಗಿಳಿ ಒಬ್ಬಳೇ.

ಆ ಸಂಜೆ ನಾದಿನಿ ತಾನಾಗಿಯೇ ಅಡುಗೆಮನೆಗೆ ಬಂದಳು. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಬೆಣ್ಣೆ.

"ನೀನು ಸೂಪರ್‌ವೈಸರಿಗೆ ಹೇಳಿದ್ದೆ ಅಲ್ವಾ? ಅದನ್ನ ಸರಿಯಾಗಿ ಹೇಳು. ಹೆದರ್ಬೇಡ."

"ಹೇಳ್ತೀನಿ. ನಿನಗೂ ಹೇಳಿದ್ದೆ."

ಬೆಣ್ಣೆ ಅಲ್ಲಿಗೆ ಕರಗಿತು. "ನನಗೆಲ್ಲಿ ಹೇಳಿದ್ದೆ?"

"ಬಚ್ಚಲುಮನೇಲಿ. ಕೈ ಹಾಕ್ಬೇಡ ಅಂದೆ. ಸೂರ್ಯ ಪಡುವಣದಲ್ಲಿ ಹುಟ್ತಾನೆ ಅಂತ ನೀನು ನಕ್ಕೆ."

"ನನಗೆ ನೀನು ಏನೂ ಹೇಳಿಲ್ಲ. ಅವತ್ತು ನೀನು ಅಳ್ತಿದ್ದೆ, ಅಷ್ಟೇ. ಉಳಿದಿದ್ದೆಲ್ಲ ನೀನೇ ಕಟ್ಕೊಂಡಿದ್ದು. ಖಾಲಿ ಪಾತ್ರೆ ಒಲೆ ಮೇಲಿಟ್ಟವಳು ನೀನು, ನೆನಪಿದೆಯಾ?"

"ನೆನಪಿದೆ. ಮರೆಯೋಕೆ ನೀನು ಬಿಟ್ರೆ ತಾನೆ?"

"ಗೊತ್ತಿದ್ದೂ ಕೈ ಹಾಕಿದ್ಲು ಅಂದ್ರೆ ನನಗೆ ಚಿಕ್ಕಾಸೂ ಸಿಗಲ್ಲ. ಅವನಿಗೆ ಹೇಳಿದ್ದು ನಿಜ, ನನಗೆ ಹೇಳಿದ್ದು ನಿನ್ನ ಭ್ರಮೆ. ತಿಳೀತಾ?"

ಗಂಡ ಆ ಹೊತ್ತಿಗೆ ವ್ಯಾನು ನಿಲ್ಲಿಸಿ ಒಳಗೆ ಬಂದ. ಅವನ ಬಳಿ ಬೇರೆಯೇ ಸುದ್ದಿ ಇತ್ತು. ಸೂಪರ್‌ವೈಸರು ಅವನನ್ನು ಕರೆದು, "ನಿನ್ನ ಹೆಂಡ್ತೀನ ಸ್ವಲ್ಪ ಆರಾಮವಾಗಿರೋಕೆ ಹೇಳಪ್ಪ, ಇಂಥ ಟೈಮಲ್ಲಿ ವಿಚಾರಣೆ ಗಿಚಾರಣೆ ಒಳ್ಳೇದಲ್ಲ. ನಿನ್ನ ವ್ಯಾನೂ ಹಳೇದಾಯ್ತು, ಡ್ರೈವರೂ ಬದಲಾಗ್ಬಹುದು" ಎಂದಿದ್ದನಂತೆ.

"ನೆನಪಿಲ್ಲ ಅಂದ್ಬಿಡು" ಎಂದ ಗಂಡ. "ಬಸುರಿ ಅಂದ್ರೆ ಯಾರೂ ಏನೂ ಅನ್ನಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಿನ್ನ ಅಕ್ಕನ ಬೆರಳು ಹೋಗಿದೆ, ನಿನಗೆ ಕೋಲಿನ ಚಿಂತೆ" ಎಂದಳು ಗಿಳಿ.

"ನೋಡು, ಮತ್ತೆ ಹಾರ್ಮೋನು ಏರ್ತು."

ಒಬ್ಬನಿಗೆ ಏನೂ ನೆನಪಿಲ್ಲದ ಗಿಳಿ ಬೇಕಿತ್ತು, ಒಬ್ಬಳಿಗೆ ಅರ್ಧ ನೆನಪಿರುವ ಗಿಳಿ ಬೇಕಿತ್ತು, ಕಟ್ಟಿಕೊಂಡವನಿಗೆ ಬಾಯಿಯೇ ಇಲ್ಲದ ಗಿಳಿ ಬೇಕಿತ್ತು. ಆದರೆ ಅವಳನ್ನು ತಿಂದುಹಾಕಿದ್ದು ಇವರ ಬೇಡಿಕೆಯಲ್ಲ. ನಾದಿನಿ ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಗಿಳಿಗೇ ಅನುಮಾನ ಹುಟ್ಟಿತು. ನಿಜವಾಗಿ ಹೇಳಿದ್ದೆನೇ? ಹೇಳಬೇಕು ಎಂದುಕೊಂಡಿದ್ದನ್ನೇ ಹೇಳಿದೆ ಎಂದುಕೊಂಡೆನೇ? ಬಚ್ಚಲುಮನೆಯ ನಲ್ಲಿ, ನಾದಿನಿ ಕೈ ಕೊಡವಿದಾಗ ಕೆನ್ನೆಗೆ ಸಿಡಿದ ಹನಿ, ಎಲ್ಲವನ್ನೂ ಮತ್ತೆ ಮತ್ತೆ ಎಳೆದು ನೋಡಿದಳು. ಎಳೆದಷ್ಟೂ ಅದು ತೊಳೆದು ತೊಳೆದು ತೆಳುವಾದ ಬಟ್ಟೆಯಂತೆ ಕಂಡಿತು. ಬೀಗದಕೈಯನ್ನು ತರಕಾರಿ ಬುಟ್ಟಿಯಲ್ಲಿಟ್ಟದ್ದೂ ಅವಳಿಗೆ ನೆನಪಿರಲಿಲ್ಲ. ಹಾಗಾದರೆ ಇದನ್ನು ಹೇಗೆ ನಂಬುವುದು?

ತಪಾಸಣೆಗೆ ಹೋದಾಗ ನರ್ಸಿನ ಬಳಿ ಕೇಳಿಯೇಬಿಟ್ಟಳು. ರಕ್ತದ ಒತ್ತಡ ನೋಡುತ್ತಿದ್ದ ಆ ದಪ್ಪ ಕನ್ನಡಕದ ಹೆಂಗಸು ಬಾಯಿ ಬಿಟ್ಟರೆ ಬೈಗುಳ ಎಂದು ಹೆಸರಾದವಳು.

"ಸಿಸ್ಟರ್, ಬಸುರಿಯಾದಾಗ ಆಗದೇ ಇರೋದು ಆಯ್ತು ಅಂತ ನೆನಪಾಗುತ್ತಾ?"

"ಕೀಲಿ ಎಲ್ಲಿಟ್ಟೆ, ಒಲೆ ಆರಿಸಿದ್ನಾ, ಇಂಥದ್ದು ಜಾರುತ್ತೆ. ಹಾರ್ಮೋನು ಏರಿರುತ್ತೆ, ನಿದ್ದೆ ಸರಿಯಿಲ್ಲ, ಮನಸ್ಸೆಲ್ಲ ಹೊಟ್ಟೆ ಕಡೆ. ಅಳು ಬರುತ್ತೆ, ಕೋಪ ಬರುತ್ತೆ. ಹಾಗಂತ ಇಲ್ಲದ ಕತೆ ಕಟ್ಕೊಂಡು ಕೂರೋಕೆ ನಿನಗೇನು ಹುಚ್ಚು ಹಿಡಿದಿಲ್ಲ. ಯಾರು ಹಾಗಂದಿದ್ದು?"

"ಮನೇಲಿ."

"ಮನೆಯವರನ್ನ ಒಂದ್ಸಲ ಕರ್ಕೊಂಡು ಬಾ. ಅವರ ಬಿಪೀನೂ ನೋಡ್ತೀನಿ. ತೋಳು ಸಡಿಲ ಬಿಡು, ಬಿಗಿ ಹಿಡೀಬೇಡ."

ವಿಚಾರಣೆ ಲಾಂಡ್ರಿಯ ಊಟದ ಕೋಣೆಯಲ್ಲೇ ನಡೆಯಿತು. ಕೆಲಸದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಅಧಿಕಾರಿ ನೆಗಡಿ ಹಿಡಿದ ತೆಳ್ಳನೆಯ ಮನುಷ್ಯ. ಮೂಗು ಒರೆಸಿಕೊಳ್ಳುತ್ತಲೇ ಪ್ರಶ್ನೆ ಕೇಳುತ್ತಿದ್ದ. ಗಿಳಿ ತಾನು ಕಂಡದ್ದನ್ನೂ ಸೂಪರ್‌ವೈಸರಿಗೆ ಹೇಳಿದ್ದನ್ನೂ ಹೇಳಿ ಮುಗಿಸಿದಳು.

ಸೂಪರ್‌ವೈಸರು ಎದ್ದು ನಿಂತ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮಾತಾಡಿದ. "ಸಾರ್, ಈಕೆ ನನ್ನ ಹತ್ರ ಬರಲೇ ಇಲ್ಲ. ನಾನು ಈಕೆಯನ್ನ ಸುಳ್ಳುಗಾತಿ ಅನ್ನಲ್ಲ, ಪಾಪ. ಈಕೆಯ ಪರಿಸ್ಥಿತಿ ಹಾಗಿದೆ. ಖಾಲಿ ಪಾತ್ರೆ ಒಲೆ ಮೇಲೆ ಇಡ್ತಾರೆ. ಚಹಾಕ್ಕೆ ಉಪ್ಪು ಹಾಕ್ತಾರೆ. ಚಿಂದಿ ಟವೆಲ್ಲಿಗೆ ಅಳ್ತಾರೆ. ಇದು ನನ್ನ ಮಾತಲ್ಲ. ಕೈ ಹೋದ ಈಕೆಯ ನಾದಿನಿಯೇ ದಿನಾ ಇದೇ ಕೋಣೆಯಲ್ಲಿ ಹೇಳ್ತಿದ್ದದ್ದು. ಇವರನ್ನೆಲ್ಲ ಕೇಳಿ."

ಅಧಿಕಾರಿ ನಾದಿನಿಯ ಕಡೆ ತಿರುಗಿದ. "ಹೌದೇನಮ್ಮ?"

ನಾದಿನಿ ನೆಲ ನೋಡಿದಳು. "ಹೇಳ್ತಿದ್ದೆ."

"ಈಕೆಗೆ ನೆನಪು ನಿಲ್ಲಲ್ಲ ಅಂತ?"

"ಹೂಂ."

ತಾನೇ ತೋಡಿದ ಹಳ್ಳ ಎಷ್ಟು ಆಳವಿದೆ ಎಂದು ನಾದಿನಿಗೆ ಆಗ ಗೊತ್ತಾಗಿರಬೇಕು. ಗಿಳಿಗೆ ಅವಳ ಮೇಲೆ ಕರುಣೆ ಬರಲಿಲ್ಲ. ಸರಿಯಾಯಿತು ಎನ್ನಿಸಿತು, ಹಾಗೆನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಅಧಿಕಾರಿ ಗಿಳಿಯನ್ನು ಕೇಳಿದ. "ಪಟ್ಟಿ ಕೆಟ್ಟಿದೆ ಅಂತ ಅವತ್ತು ಇನ್ಯಾರಿಗಾದ್ರೂ ಹೇಳಿದ್ರಾ? ಚೆನ್ನಾಗಿ ಯೋಚಿಸಿ ಹೇಳಿ. ನೆನಪಿಲ್ಲದಿದ್ರೆ ನೆನಪಿಲ್ಲ ಅನ್ನಿ, ಪರವಾಗಿಲ್ಲ. ನಿಮ್ಮ ಸ್ಥಿತಿ ನಮಗೂ ಅರ್ಥವಾಗುತ್ತೆ."

ಬಾಗಿಲ ಬಳಿ ನಿಂತ ಗಂಡ ಬೇಡ ಎನ್ನುವಂತೆ ತಲೆಯಾಡಿಸಿದ. ಗಿಳಿಗೆ ಅಧಿಕಾರಿಯ ಆ ಕೊನೆಯ ಮಾತು ನೆತ್ತಿಗೇರಿತು. ಸತ್ಯವಂತೆ ಎನ್ನಿಸಿಕೊಳ್ಳುವ ಆಸೆಯಿಂದಲ್ಲ, ನಾದಿನಿಯನ್ನು ಕಾಯುವುದಕ್ಕೋ ಕೆಡಿಸುವುದಕ್ಕೋ ಅಲ್ಲ, ಬರೀ ಸಿಟ್ಟಿನಿಂದ ಅವಳು ಬಾಯಿ ತೆರೆದಳು.

"ನೆನಪಿದೆ. ಇವಳಿಗೂ ಹೇಳಿದೆ. ರೋಲರಿಗೆ ಕೈ ಹಾಕ್ಬೇಡ ಅಂದೆ. ನಕ್ಕು ಹೋದ್ಲು. ಇಲ್ಲ ಅಂತಾಳೆ ಇವಳು. ಅನ್ನಲಿ. ನಾನು ಚಹಾಕ್ಕೆ ಉಪ್ಪು ಹಾಕಿದ್ದೂ ನಿಜ, ಇದೂ ನಿಜ."

ಕೋಣೆ ಗುಸುಗುಟ್ಟಿತು. ಸೂಪರ್‌ವೈಸರಿಗೆ ಕೇಳದೆಯೇ ವರ ಸಿಕ್ಕಿತ್ತು. ಅಲ್ಲಿಗೆ ಸುಮ್ಮನಿದ್ದರೆ ಬಚಾವಾಗುತ್ತಿದ್ದನೋ ಏನೋ. "ನೋಡಿ ಸಾರ್! ಮನೆಯವಳೇ ಎಚ್ಚರಿಸಿದ್ರೂ ಮಶೀನಿಗೆ ಕೈ ಕೊಟ್ಟವಳಿಗೆ ಬುದ್ಧಿ ಬೇಡ್ವಾ? ಒಬ್ಬಳಿಗೆ ಬಸುರಿನ ಮರೆವು, ಇನ್ನೊಬ್ಬಳಿಗೆ ಅದೂ ಇಲ್ಲ, ಹುಟ್ಟಾ ದಡ್ಡತನ" ಎಂದು ಸಣ್ಣಗೆ ನಕ್ಕ.

ಆ ನಗು ನಾದಿನಿಯನ್ನು ಕುಟುಕಿತು.

"ಹೇಳಿದ್ಲು" ಎಂದಳು ತಲೆ ಎತ್ತಿ. "ಬಚ್ಚಲುಮನೇಲಿ ಹೇಳಿದ್ಲು. ಆಮೇಲೆ ನಾನೆಲ್ಲಿಗೆ ಹೋದೆ ಅಂತ ಇವರನ್ನೇ ಕೇಳಿ ಸಾರ್. ಊಟದ ಹೊತ್ತಲ್ಲಿ ಇದೇ ಬಾಗಿಲ ಹತ್ರ ಇವರು ಚಹಾ ಕುಡೀತಿದ್ರು. ನಾನು ತಮಾಷೆಗೆ ಅಂದೆ, 'ನಮ್ಮನೆ ಮರೆಗುಳಿಗೆ ಈಗ ಮಶೀನೂ ಮಾತು ಕೇಳಲ್ವಂತೆ, ಪಟ್ಟಿ ಕೆಟ್ಟಿದೆಯಂತೆ' ಅಂತ. ಇವರೇನಂದ್ರು ಗೊತ್ತಾ? 'ನನ್ನ ಹತ್ರಾನೂ ಬಂದು ಅದೇ ರಾಗ ಹಾಡಿದ್ಲು. ಹೊಟ್ಟೆ ದೊಡ್ಡದಾದಷ್ಟೂ ತಲೆ ಚಿಕ್ಕದಾಗುತ್ತೆ. ನೀನು ಹೋಗಿ ಕೆಲಸ ನೋಡು' ಅಂದ್ರು. ನಾನೂ ನಕ್ಕೆ, ಇವರೂ ನಕ್ಕರು."

"ಸುಳ್ಳು!" ಎಂದ ಸೂಪರ್‌ವೈಸರು.

"ಅಲ್ಲಿ ಬೇರೆ ಯಾರಿದ್ರು?" ಅಧಿಕಾರಿ ಮೂಗು ಒರೆಸುವುದನ್ನು ಮರೆತಿದ್ದ.

ಡ್ರೈಯರಿನ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದೆ ಬಂದಳು. "ನಾನಿದ್ದೆ ಸಾರ್. ನಾನೂ ನಕ್ಕೆ." ಅವಳ ಹಿಂದಿನಿಂದ, ಕೊಳೆ ಬಟ್ಟೆಯ ಗಂಟು ಬಿಚ್ಚುವ ಇಬ್ಬರು ಹೆಂಗಸರು, "ನಾವೂ ಕೇಳಿಸ್ಕೊಂಡ್ವಿ. ಹೊಟ್ಟೆ, ತಲೆ ಅಂತ ಅಂದಿದ್ದು ನಿಜ" ಎಂದರು. ಇನ್ನೊಬ್ಬಳು ಸೂಪರ್‌ವೈಸರಿನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದಳು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಸಾಕ್ಷಿಗಳಾದರು.

ಗಿಳಿ ಕುರ್ಚಿಯ ಅಂಚನ್ನು ಹಿಡಿದು ಕೇಳುತ್ತ ಕೂತಿದ್ದಳು. ಅವಳ ಮಾತು ಅಕ್ಷರಕ್ಷರವೂ ನಿಜವಾಗುತ್ತಿತ್ತು, ಒಂದೊಂದು ನಿಜಕ್ಕೂ ಒಂದೊಂದು ನಗು ಅಂಟಿಕೊಂಡು ಬರುತ್ತಿತ್ತು. ಅವಳು ಬಚ್ಚಲುಮನೆಯಲ್ಲಿ ಅಳುತ್ತಿದ್ದ ದಿನ ಈ ಕೋಣೆಯಲ್ಲಿ ಯಾರ್‍ಯಾರು ಎಷ್ಟೆಷ್ಟು ನಕ್ಕಿದ್ದರು ಎಂದು ಈಗ ಸರ್ಕಾರವೇ ಬರೆದುಕೊಳ್ಳುತ್ತಿತ್ತು. ಅವಳಿಗೆ ಅಳು ಬರಲಿಲ್ಲ. ಅಲ್ಲಿದ್ದ ಒಂದೊಂದು ಮುಖವನ್ನೂ ದಿಟ್ಟಿಸಿ ನೋಡಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

ತೀರ್ಪು ನಾದಿನಿಯ ಕಡೆಗಾಯಿತು. ಪರಿಹಾರ ಸಿಕ್ಕಿತು. ಪಟ್ಟಿ ರಿಪೇರಿಯಾಯಿತು. ಸೂಪರ್‌ವೈಸರನ್ನು ಊರಾಚೆಯ ಇನ್ನೊಂದು ಲಾಂಡ್ರಿಗೆ ಹಾಕಿದರು. ಅಲ್ಲಿ ಅವನಿಗೆ ಇನ್ನೂ ದೊಡ್ಡ ಗಾಜಿನ ಕೋಣೆ ಸಿಕ್ಕಿತೆಂದು ಗಂಡ ಸುದ್ದಿ ತಂದ. ವ್ಯಾನು ಗಂಡನ ಕೈಯಲ್ಲೇ ಉಳಿದಿತ್ತು. ಆ ಖುಷಿಗೆ ಒಂದು ಚೀಲ ಹಣ್ಣು ಹಿಡಿದು ಬಂದಿದ್ದ.

"ಎಲ್ಲ ನಿನ್ನಿಂದಲೇ ಆಯ್ತು" ಎಂದ. ಗಿಳಿ ಹಣ್ಣಿನ ಚೀಲವನ್ನು ಪಕ್ಕಕ್ಕೆ ಸರಿಸಿದಳು. "ಗೆದ್ದ ಮೇಲೂ ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀಯ? ಈ ಹಾರ್ಮೋ..."

"ಆ ಪದ ಪೂರ್ತಿ ಮಾಡಿದ್ರೆ ಇವತ್ತಿಂದ ನಿನ್ನ ಅಡುಗೆ ನೀನೇ ಮಾಡ್ಕೋ" ಎಂದಳು. ದನಿ ಏರಿರಲಿಲ್ಲ. ಅದಕ್ಕೇ ಅವನು ಹೆದರಿದ. ಅಂದಿನಿಂದ ಆ ಪದ ಆ ಮನೆಯ ಹೊಸಿಲು ದಾಟಲಿಲ್ಲ.

ಹೆರಿಗೆಯಾಯಿತು, ಹೆಣ್ಣುಮಗು. ಇನ್ನು ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ಎಲ್ಲರೂ ಅವಳಿಗೆ ಕೇಳಿಸುವಂತೆಯೇ ಮಾತಾಡಿಕೊಂಡರು. ಕೆಲವು ತಿಂಗಳಲ್ಲಿ ನಿದ್ದೆ ಒಂದಿಷ್ಟು ಕೂಡಿತು, ಬೀಗದಕೈ ಮೊಳೆಯಲ್ಲೇ ಸಿಗತೊಡಗಿತು, ಮರೆತುಹೋಗಿದ್ದ ಎಷ್ಟೋ ಹೆಸರುಗಳು ಮರಳಿ ಬಂದವು. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು. ಅದು ಹೊಟ್ಟೆಯ ಜೊತೆ ಬಂದದ್ದಲ್ಲ, ಹೊಟ್ಟೆಯ ಜೊತೆ ಹೋಗಲೂ ಇಲ್ಲ.

ನಾದಿನಿ ಪರಿಹಾರದ ಹಣದಲ್ಲಿ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಹೊರಡುವ ಬೆಳಗ್ಗೆ ತಮ್ಮ ಅವಳ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದ. ವಿಚಾರಣೆಯಾದಾಗಿನಿಂದ ಅವನ ಮೂಲಕವೇ ಮಾತಾಡುತ್ತಿದ್ದ ಹೆಂಗಸರಿಬ್ಬರೂ ಆಗ ಎದುರುಬದುರಾದರು.

"ತಪ್ಪಾಯ್ತು ಅಂತ ಕೇಳೋಕೆ ಬಂದಿಲ್ಲ" ಎಂದಳು ನಾದಿನಿ.

"ಕೇಳಿದ್ರೂ ಹೋಗ್ಲಿ ಬಿಡು ಅಂತಿರಲಿಲ್ಲ ನಾನು."

"ಗೊತ್ತು." ನಾದಿನಿ ಬಾಗಿಲ ಚೌಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. "ಅವತ್ತು ನೀನು ಸುಮ್ನಿದ್ದಿದ್ರೆ ನಾನೂ ಸುಮ್ನೆ ಇರ್ತಿದ್ದೆ. ನಿನ್ನನ್ನ ಹುಚ್ಚಿ ಅನ್ನಿಸಿಬಿಡ್ತಿದ್ದೆ."

"ಅದೂ ಗೊತ್ತು."

"ಮಗೂನ ಒಂದ್ಸಲ ಎತ್ಕೊಳ್ಲಾ?"

ಗಿಳಿಯ ಕಣ್ಣು ನಾದಿನಿಯ ಬಲಗೈಗೆ ಹೋಯಿತು. ಅಲ್ಲಿ ಉಳಿದ ಬೆರಳುಗಳು ಒಳಮುಖವಾಗಿ ಸೆಟೆದುಕೊಂಡಿದ್ದವು.

"ನಿಂತ್ಕೊಂಡು ಬೇಡ. ಕೂತ್ಕೋ" ಎಂದಳು.

ನಾದಿನಿ ಗೋಡೆಗೆ ಒರಗಿ ಕೂತಳು. ಗಿಳಿ ಒಂದು ದಿಂಬು ತಂದು ಅವಳ ಬಲತೋಳಿನ ಅಡಿಗೆ ತುರುಕಿದಳು, ಮಗುವನ್ನು ಮೆಲ್ಲಗೆ ಇಳಿಸಿದಳು. ನಾದಿನಿ ಬಗ್ಗಿ ಏನೋ ಪಿಸುಗುಟ್ಟಿದಳು, ಮಗು ಮೂಗು ಮುರಿಯಿತು. ಹೊರಗೆ ವ್ಯಾನಿನ ಹಾರನ್ನು ಎರಡು ಸಲ ಆಯಿತು. ಅಷ್ಟು ಹೊತ್ತೂ ಗಿಳಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು, ಮಗುವಿನ ತಲೆಯ ಕೆಳಗಿದ್ದ ತನ್ನ ಕೈಯನ್ನು ತೆಗೆಯಲಿಲ್ಲ.